‘ಹಾಲು ಆಗಿಬರಲ್ಲ’: ರಾತ್ರಿ ಪದೇ ಪದೇ ಏಳುವ ಮಗು, ಊಟದ ಮೇಲೆ ಅನುಮಾನ

ನನ್ನ ಮಗನಿಗೆ ಆಗ ಹದಿನಾರು ತಿಂಗಳು. ರಾತ್ರಿ ಒಂಬತ್ತಕ್ಕೆ ಮಲಗಿದರೆ ಹನ್ನೊಂದೂವರೆಗೆ ಒಂದು ಸಲ ಎದ್ದು ಅಳುತ್ತಿದ್ದ. ಆಮೇಲೆ ಒಂದಕ್ಕೆ, ಎರಡೂವರೆಗೆ, ನಾಲ್ಕಕ್ಕೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ, ಆಯಾ ತಾರೀಖಿನ ಚೌಕದಲ್ಲಿ, ಎದ್ದಷ್ಟು ಸಲ ಪೆನ್ಸಿಲ್ ಗೀಟು ಹಾಕುತ್ತಿದ್ದೆ. ಕೆಲವು ಚೌಕಗಳಲ್ಲಿ ಏಳು ಗೀಟು. ಆ ತಿಂಗಳು ಏಕಾದಶಿ ಯಾವತ್ತು, ಸಂಕಷ್ಟಿ ಯಾವತ್ತು ಅಂತಲೂ ಕಾಣಿಸದ ಹಾಗೆ ಆಗಿತ್ತು.

ಇಂಥ ಹೊತ್ತಿನಲ್ಲಿ ಸಲಹೆಗೇನೂ ಬರವಿಲ್ಲ. ‘ಸಂಜೆ ಬಾಳೆಹಣ್ಣು ಕೊಟ್ಟೆ ಅಲ್ವಾ, ಅದೇ,’ ಅಂದರು ಅತ್ತೆ. ‘ತೊಗರಿಬೇಳೆ ವಾಯು ಕಣೇ, ಹೆಸರುಬೇಳೆ ಹಾಕು,’ ಅಂದರು ಚಿಕ್ಕಮ್ಮ. ಪಕ್ಕದ ಮನೆಯವರು ಉಪ್ಪು, ಒಣಮೆಣಸಿನಕಾಯಿ ಹಿಡಿದುಕೊಂಡು ದೃಷ್ಟಿ ತೆಗೆಯೋಕೇ ಬಂದರು. ಕೊನೆಗೆ ಎಲ್ಲರೂ ಒಪ್ಪಿದ್ದು ಒಂದೇ ಮಾತಿಗೆ: ‘ಇವನಿಗೆ ಹಾಲು ಆಗಿಬರಲ್ಲ.’

ಈ ‘ಆಗಿಬರಲ್ಲ’ ಅನ್ನೋದು ಬಹಳ ಅನುಕೂಲದ ಮಾತು. ಬದನೆಕಾಯಿ ನಂಜು ಅಂತ ಬಿಟ್ಟವರೂ ಹಾಗೇ ಹೇಳುತ್ತಾರೆ. ಸೀಗಡಿ ತಿಂದು ತುಟಿ ಊದಿಸಿಕೊಂಡು ಆಸ್ಪತ್ರೆಗೆ ಓಡಿದವರೂ ಹಾಗೇ ಹೇಳುತ್ತಾರೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರದ್ದೂ ಅದೇ ಮಾತು. ಡಾಕ್ಟರ ಲೆಕ್ಕದಲ್ಲಿ ಇವೆಲ್ಲ ಬೇರೆ ಬೇರೆ. ಮಗುವಿನ ನಿದ್ದೆ ಕೆಡಿಸುತ್ತಿರುವುದು ಊಟವೇ ಅಂತ ತೀರ್ಮಾನಿಸುವ ಮೊದಲು ಈ ಗಂಟನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು.

ಏಳೋದು ಬೇರೆ, ಕರೆಯೋದು ಬೇರೆ

ಮೊದಲು ನಿದ್ದೆಯ ಕಥೆ. ನಾವು ರಾತ್ರಿಯಿಡೀ ಒಂದೇ ಸಮ ಮಲಗುತ್ತೇವೆ ಅಂದುಕೊಂಡಿರುತ್ತೇವೆ. ಹಾಗೇನಿಲ್ಲ. ನಿದ್ದೆ ಸುತ್ತು ಸುತ್ತಾಗಿ ಬರುತ್ತದೆ. ದೊಡ್ಡವರಲ್ಲಿ ಒಂದು ಸುತ್ತು ಸುಮಾರು 90 ನಿಮಿಷ, ಎಳೆಯ ಮಕ್ಕಳಲ್ಲಿ ಒಂದು ಗಂಟೆಯ ಆಸುಪಾಸು. ಸುತ್ತು ಮುಗಿದಾಗಲೆಲ್ಲ ನಿದ್ದೆ ತೆಳುವಾಗುತ್ತದೆ. ನಾವು ಮಗ್ಗುಲು ಬದಲಿಸಿ, ಹೊದಿಕೆ ಎಳೆದುಕೊಂಡು ಮತ್ತೆ ಮಲಗುತ್ತೇವೆ. ಬೆಳಗ್ಗೆ ಅದು ನೆನಪೂ ಇರುವುದಿಲ್ಲ.

1970ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಥಾಮಸ್ ಆ್ಯಂಡರ್ಸ್ ಮಕ್ಕಳು ಮಲಗುವ ಜಾಗದಲ್ಲಿ ವಿಡಿಯೊ ಕ್ಯಾಮೆರಾ ಇಟ್ಟು ನೋಡಿದರು. ‘ನಮ್ಮ ಮಗು ಬೆಳಗಿನ ತನಕ ಏಳಲ್ಲ’ ಅನ್ನುತ್ತಿದ್ದ ಮನೆಯ ಮಕ್ಕಳೂ ರಾತ್ರಿ ಏಳುತ್ತಿದ್ದವು. ಸುಮ್ನೆ ಕಣ್ಣು ಬಿಟ್ಟು, ಒಂಚೂರು ಹೊರಳಾಡಿ, ತಾವೇ ಮಲಗುತ್ತಿದ್ದವು. ಅಪ್ಪ ಅಮ್ಮನಿಗೆ ಸುದ್ದಿಯೇ ಇಲ್ಲ. ಅಂದರೆ ಎಲ್ಲ ಮಕ್ಕಳೂ ಏಳುತ್ತವೆ. ಕೆಲವು ಮಕ್ಕಳು ಮಾತ್ರ ನಮ್ಮನ್ನು ಕರೆಯುತ್ತವೆ.

ಕರೆಯುವ ಮಕ್ಕಳೇನೂ ಕಡಿಮೆ ಇಲ್ಲ. ಕೆನಡಾದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ವರ್ಷ ತುಂಬಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 28 ಮಕ್ಕಳು ರಾತ್ರಿ ಒಂದೇ ಸಮ ಆರು ಗಂಟೆ ಮಲಗುತ್ತಿರಲಿಲ್ಲ. ಅವೆಲ್ಲ ಆರೋಗ್ಯವಂತ ಮಕ್ಕಳೇ. ಈ ಸಂಖ್ಯೆ ನೋಡಿದ ಮೇಲೆ ನನ್ನ ಅರ್ಧ ತಲೆನೋವು ಇಳಿಯಿತು ಅಂದರೆ ಸುಳ್ಳಲ್ಲ.

ಇನ್ನೊಂದು ವಿಷಯ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲೇ ಆಗಿಹೋಗುತ್ತದೆ. ಮಧ್ಯರಾತ್ರಿ ಕಳೆದ ಮೇಲೆ ನಿದ್ದೆ ಹಗುರ. ಅದಕ್ಕೇ ಒಂದರಿಂದ ನಾಲ್ಕರವರೆಗೆ ಗಲಾಟೆ ಜಾಸ್ತಿ. ನಾವು ರಾತ್ರಿ ಏನು ತಿನ್ನಿಸಿದೆವು ಅಂತ ನೆನಪು ಮಾಡಿಕೊಂಡು ಪಾಪದ ಬಾಳೆಹಣ್ಣಿನ ಮೇಲೆ ಹಾಕುತ್ತೇವೆ.

ಮಲಗುವ ಹೊತ್ತಿಗೆ ಏನು ಜೊತೆಗಿತ್ತೋ, ಎದ್ದಾಗಲೂ ಮಗುವಿಗೆ ಅದೇ ಬೇಕು. ತೊಡೆಯ ಮೇಲೆ ತಟ್ಟಿ ಮಲಗಿಸಿದ್ದರೆ ತೊಡೆ ಬೇಕು. ಬಾಟಲಿ ಬಾಯಲ್ಲಿಟ್ಟೇ ನಿದ್ದೆ ಹೋಗಿದ್ದರೆ ಬಾಟಲಿ ಬೇಕು. ರಾತ್ರಿ ನಾಲ್ಕು ಸಲ ಹಾಲು ಕುಡಿದ ಮಗು ಹಗಲು ಕಡಿಮೆ ತಿನ್ನುತ್ತದೆ. ಹಗಲು ಕಡಿಮೆ ತಿಂದದ್ದಕ್ಕೆ ರಾತ್ರಿ ನಿಜವಾಗಿಯೂ ಹಸಿಯುತ್ತದೆ. ಹೊಟ್ಟೆಗೆ ಆ ಹೊತ್ತೇ ಅಭ್ಯಾಸವಾಗಿಬಿಡುತ್ತದೆ. ಈ ಚಕ್ರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಗಿಬರದೇ ಇರೋದು ಯಾವುದು?

‘ಹಾಲು ಆಗಿಬರಲ್ಲ’ ಅನ್ನುವುದರ ಒಳಗೆ ಮುಖ್ಯವಾಗಿ ಎರಡು ಸಂಗತಿ ಇವೆ.

ಒಂದು, ಅಲರ್ಜಿ. ಹಾಲಿನಲ್ಲಿರುವ ಪ್ರೋಟೀನನ್ನು ಮೈ ಶತ್ರು ಅಂತ ತಪ್ಪು ತಿಳಿದು ತಿರುಗಿ ಬೀಳುವುದು. ಇದರಲ್ಲಿ ಬೇಗ ಕಾಣಿಸುವ ಬಗೆ ಇದೆ: ಕುಡಿದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ, ಮೈಮೇಲೆ ಗಂಧೆ, ಮುಖ ಊತ, ವಾಂತಿ. ಇದನ್ನು ಯಾರೂ ನಿದ್ದೆಯ ಸಮಸ್ಯೆ ಅಂದುಕೊಳ್ಳುವುದಿಲ್ಲ. ತಡವಾಗಿ ಕಾಣಿಸುವ ಇನ್ನೊಂದು ಬಗೆಯೇ ಗೊಂದಲದ್ದು. ಅದು ಗಂಟೆಗಳಾದ ಮೇಲೆ, ಕೆಲವೊಮ್ಮೆ ಎರಡು ಮೂರು ದಿನ ಬಿಟ್ಟು ಬರುತ್ತದೆ. ಮಲದಲ್ಲಿ ಲೋಳೆ ಅಥವಾ ರಕ್ತದ ಎಳೆ, ಬಿಡದ ಭೇದಿ, ಪದೇ ಪದೇ ವಾಂತಿ, ಎಕ್ಸಿಮಾ ಅನ್ನುವ ತುರಿಕೆಯ ಇಸುಬು, ತೂಕ ಏರದಿರುವುದು ಅದರ ಗುರುತು. ಎಳೆಮಕ್ಕಳಲ್ಲಿ ಹಾಲಿನ ಅಲರ್ಜಿ ನೂರಕ್ಕೆ ಎರಡು ಮೂರು ಅಂತ ಮೊದಲಿನಿಂದ ಹೇಳುತ್ತಾರೆ. ಸರಿಯಾಗಿ ಪರೀಕ್ಷೆ ಮಾಡಿ ಎಣಿಸಿದ ಕಡೆ ಅದಕ್ಕಿಂತಲೂ ಕಡಿಮೆ ಸಿಕ್ಕಿದೆ. ಬಹುಪಾಲು ಮಕ್ಕಳಿಗೆ ಬೆಳೀತಾ ಬೆಳೀತಾ ಅದು ಬಿಟ್ಟುಹೋಗುತ್ತದೆ.

ಎರಡನೆಯದು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಅರಗದಿರುವುದು. ಅದನ್ನು ಅರಗಿಸೋಕೆ ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ ಬೇಕು. ಅದು ಕಡಿಮೆಯಾದರೆ ಸಕ್ಕರೆ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸುತ್ತವೆ, ಥೇಟ್ ದೋಸೆ ಹಿಟ್ಟು ಉಬ್ಬಿದ ಹಾಗೆ. ಗ್ಯಾಸು, ಹೊಟ್ಟೆ ಉಬ್ಬರ, ನೊರೆನೊರೆಯಾದ ಹುಳಿ ವಾಸನೆಯ ಭೇದಿ. ದಕ್ಷಿಣ ಭಾರತದ ದೊಡ್ಡವರಲ್ಲಿ ಇದು ಬಹಳ ಸಾಮಾನ್ಯ, ಉತ್ತರದವರಿಗಿಂತ ಜಾಸ್ತಿ. ಒಂದು ಲೋಟ ಹಾಲಿಗಿಂತ ಒಂದು ಲೋಟ ಮಜ್ಜಿಗೆ ಹಿತ ಅನ್ನಿಸುವವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಆದರೆ ಇಲ್ಲೇ ಒಂದು ತಿರುವಿದೆ. ಈ ಕಿಣ್ವ ಕಡಿಮೆಯಾಗತೊಡಗುವುದು ಸಾಮಾನ್ಯವಾಗಿ ಎರಡು ಮೂರು ವರ್ಷ ದಾಟಿದ ಮೇಲೆ. ಹುಟ್ಟಿದ ಮಗುವಿಗೆ ಅದು ಇದ್ದೇ ಇರಬೇಕು, ಯಾಕಂದರೆ ತಾಯಿಹಾಲಿನಲ್ಲೇ ಲ್ಯಾಕ್ಟೋಸ್ ಹೆಚ್ಚು. 100 ಮಿ.ಲೀ. ತಾಯಿಹಾಲಿನಲ್ಲಿ ಸುಮಾರು 7 ಗ್ರಾಂ, ಅಷ್ಟೇ ಹಸುವಿನ ಹಾಲಿನಲ್ಲಿ 5 ಗ್ರಾಂಗಿಂತ ಸ್ವಲ್ಪ ಕಡಿಮೆ. ಎದೆಹಾಲು ಕುಡಿದು ಹಾಯಾಗಿರುವ ಹದಿನಾರು ತಿಂಗಳ ಮಗುವಿಗೆ ಹಸುವಿನ ಹಾಲಿನ ಲ್ಯಾಕ್ಟೋಸ್ ಮಾತ್ರ ಆಗಿಬರಲ್ಲ ಅಂದರೆ ಲೆಕ್ಕ ಕೂಡುವುದಿಲ್ಲ. ‘ನನಗೂ ಹಾಲು ಆಗಲ್ಲ, ಅವನಿಗೂ ಅದೇ ಬಂದಿದೆ’ ಅಂತ ನಮ್ಮ ಮಾವ ಹೇಳಿದ್ದು ಮುಂದೆ ನಿಜವಾದರೂ ಆಗಬಹುದು. ಆದರೆ ಈಗಲ್ಲ. ಒಂದು ವಿನಾಯಿತಿ ಇದೆ: ಜೋರು ವಾಂತಿಭೇದಿ ಆದ ಮೇಲೆ ಕರುಳಿನ ಒಳಪದರ ಸವೆದು ಕೆಲವು ವಾರ ಲ್ಯಾಕ್ಟೋಸ್ ಅರಗುವುದಿಲ್ಲ. ಪದರ ಮತ್ತೆ ಬೆಳೆದ ಹಾಗೆ ಸರಿಹೋಗುತ್ತದೆ.

ಹಾಗಾದರೆ ಊಟಕ್ಕೂ ನಿದ್ದೆಗೂ ಸಂಬಂಧವೇ ಇಲ್ವಾ?

ಇದೆ. ಇದಕ್ಕೆ ಎಲ್ಲರೂ ತೋರಿಸುವ ಕೆಲಸ ಬ್ರಸೆಲ್ಸ್‌ನದು. ಅಲ್ಲಿನ ಮಕ್ಕಳ ವೈದ್ಯ ಆಂದ್ರೆ ಕಾನ್ ಮತ್ತು ಅವರ ತಂಡ 1980ರ ದಶಕದಲ್ಲಿ ಇದರ ಹಿಂದೆ ಬಿದ್ದಿತ್ತು. 1989ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ರಾತ್ರಿಯೆಲ್ಲ ಎದ್ದು ಅಳುತ್ತಾವೆ ಅಂತ ಆಸ್ಪತ್ರೆಗೆ ಕಳಿಸಿದ್ದ, ಐದು ವರ್ಷದೊಳಗಿನ 146 ಮಕ್ಕಳಿದ್ದರು. ಮೊದಲು ಬೇರೆ ಕಾರಣಗಳನ್ನೆಲ್ಲ ಹುಡುಕಿದರು. ಏನೂ ಸಿಗದೆ ಉಳಿದ ಮಕ್ಕಳಿಗೆ ಕೆಲವು ವಾರ ಹಸುವಿನ ಹಾಲು ನಿಲ್ಲಿಸಿದರು. ಆಮೇಲೆ ಯಾರಿಗೆ ಯಾವುದು ಅಂತ ಮನೆಯವರಿಗೂ ವೈದ್ಯರಿಗೂ ಗೊತ್ತಾಗದ ಹಾಗೆ ಮತ್ತೆ ಹಾಲು ಕೊಟ್ಟು ನೋಡಿದರು. ಹಾಲು ನಿಂತಾಗ ನಿದ್ದೆ, ಹಾಲು ಬಂದಾಗ ಜಾಗರಣೆ: ಹೀಗೆ ಖಚಿತವಾದದ್ದು ಒಟ್ಟು ಮಕ್ಕಳಲ್ಲಿ ಹತ್ತಕ್ಕೆ ಒಂದರಷ್ಟು.

ಈ ಸಂಖ್ಯೆಯನ್ನು ಎರಡೂ ಕಡೆಯಿಂದ ಓದಬೇಕು. ಹಾಲು ನಿದ್ದೆ ಕೆಡಿಸಬಹುದು ಅನ್ನುವುದು ಸುಳ್ಳಲ್ಲ. ಆದರೆ ಅವು ಆಸ್ಪತ್ರೆವರೆಗೆ ಹೋಗಬೇಕಾದಷ್ಟು ನಿದ್ದೆಗೆಟ್ಟ ಮಕ್ಕಳು. ಅಂಥವರಲ್ಲೂ ಹತ್ತರಲ್ಲಿ ಒಂಬತ್ತಕ್ಕೆ ಕಾರಣ ಹಾಲಲ್ಲ. ನಮ್ಮ ನಿಮ್ಮ ಮನೆಯಲ್ಲಿ ಎರಡು ಮೂರು ಸಲ ಏಳುವ ಮಕ್ಕಳಲ್ಲಿ ಆ ಪಾಲು ಇನ್ನೂ ಕಡಿಮೆಯೇ ಇರಬೇಕು.

ಮಕ್ಕಳ ಡಾಕ್ಟರು ಸಾಮಾನ್ಯವಾಗಿ ಹಿಡಿಯುವ ಜಾಡು ಸರಳ: ಊಟ ಒಗ್ಗದಿದ್ದರೆ ಅದು ರಾತ್ರಿ ಮಾತ್ರ ಕಾಣಿಸಿಕೊಳ್ಳುವುದು ಅಪರೂಪ. ಹಗಲಲ್ಲೂ ಎಲ್ಲೋ ಒಂದು ಗುರುತು ಬಿಟ್ಟಿರುತ್ತದೆ. ಚರ್ಮ ನೋಡಿ, ಡೈಪರ್ ನೋಡಿ, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ನೋಡಿ. ಮೊಣಕೈ ಮಡಿಕೆಯಲ್ಲಿ, ಮಂಡಿ ಹಿಂದೆ ಕೆಂಪಗೆ ತುರಿಸುತ್ತಿದ್ದರೆ ಮಗು ರಾತ್ರಿ ಏಳುತ್ತಿರುವುದು ಆ ತುರಿಕೆಗೇ ಇರಬಹುದು. ಆಗ ಮೊದಲು ಚರ್ಮಕ್ಕೆ ಮದ್ದು, ಆಮೇಲೆ ಊಟದ ಪ್ರಶ್ನೆ. ಇದ್ಯಾವುದೂ ಇಲ್ಲದೆ ಹಗಲಿಡೀ ಆಡಿ, ತಿಂದು, ಬೆಳೆಯುತ್ತಿರುವ ಮಗು ರಾತ್ರಿ ಮಾತ್ರ ಏಳುತ್ತಿದ್ದರೆ ಊಟದ ಮೇಲಿನ ಅನುಮಾನ ತೀರಾ ತೆಳು.

ಊಟಕ್ಕಿಂತ ಮೊದಲು ಹುಡುಕಬೇಕಾದವೂ ಇವೆ. ಬಾಯಿ ತೆರೆದು ಗೊರಕೆ ಹೊಡೆಯುತ್ತದಾ? ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಅನ್ನುವ ಗ್ರಂಥಿ ದಪ್ಪಗಾಗಿರಬಹುದು. ಶೀತದ ಬೆನ್ನಲ್ಲೇ ಮಲಗಿಸಿದರೆ ಕಿರುಚುತ್ತದಾ? ಕಿವಿ ನೋಡಿಸಿ. ರಾತ್ರಿ ಕುಂಡಿ ತುರಿಸಿಕೊಳ್ಳುತ್ತದಾ? ದಾರದಂಥ ಜಂತುಹುಳುಗಳು ರಾತ್ರಿ ಹೊತ್ತು ಹೊರಬಂದು ಮೊಟ್ಟೆ ಇಡುತ್ತವೆ. ಇನ್ನು ಮಲಗಿದ ಒಂದೆರಡು ಗಂಟೆಗೇ ಕಣ್ಣು ಬಿಟ್ಟುಕೊಂಡು ಕಿರುಚಿ, ಎತ್ತಿಕೊಂಡರೂ ಗುರುತೇ ಹಿಡಿಯದ ಹಾಗೆ ಒದ್ದಾಡುವುದು ಹೊಟ್ಟೆನೋವಲ್ಲ. ಅದು ಗಾಢ ನಿದ್ದೆಯಿಂದ ಅರ್ಧ ಎಚ್ಚರವಾದ ಸ್ಥಿತಿ. ನೋಡಿದವರಿಗೆ ಬಾಲಗ್ರಹ ಅನ್ನಿಸುವಷ್ಟು ಭಯ, ಮಗುವಿಗೆ ಬೆಳಗ್ಗೆ ನೆನಪೇ ಇಲ್ಲ.

ಹಾಲು ಬಿಟ್ಟರೆ ಉಳಿದ ಆಪಾದಿತರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಗೋಧಿ: ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿ ನಿಜವಾಗಿಯೂ ವಿಷ. ಆದರೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರ ಭಾರತದ ದೊಡ್ಡವರಲ್ಲಿ ಅದು 1.23% ಇದ್ದರೆ ದಕ್ಷಿಣದವರಲ್ಲಿ 0.10% ಮಾತ್ರ. ಬ್ರೆಡ್: ಕೆಡದಿರಲಿ ಅಂತ ಹಾಕುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಬಗ್ಗೆ ಆಸ್ಟ್ರೇಲಿಯಾದಲ್ಲಿ 2002ರಲ್ಲಿ 27 ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. ಕೆಲವು ಮಕ್ಕಳಲ್ಲಿ ಕಿರಿಕಿರಿ, ನಿದ್ದೆಗೇಡು ಕಂಡಿತ್ತು. ಇಲ್ಲಿನ ಪ್ಯಾಕೆಟ್ಟಿನ ಮೇಲೂ 282 ಅಂತ ಅದರ ಸಂಖ್ಯೆ ಸಣ್ಣಕ್ಷರದಲ್ಲಿ ಇರುತ್ತದೆ. ಅಷ್ಟು ಸಣ್ಣ ಅಧ್ಯಯನ ನಂಬಿ ಗಾಬರಿಯಾಗಬೇಕಿಲ್ಲ. ಸಿಹಿ ತಿಂದರೆ ಮಕ್ಕಳು ಕುಣಿದಾಡುತ್ತಾರೆ ಅನ್ನೋದು ಪರೀಕ್ಷೆಗಳಲ್ಲಿ ನಿಂತಿಲ್ಲ. ನಿಂತಿರುವುದು ಕಾಫಿ. ಅಜ್ಜ ಸಂಜೆ ಲೋಟದ ತಳದ ಎರಡು ಗುಟುಕು ಫಿಲ್ಟರ್ ಕಾಫಿಯನ್ನು ಮೊಮ್ಮಗನ ಬಾಯಿಗೆ ಹಾಕುವುದು ನೋಡೋಕೆ ಚೆಂದ. ಆದರೆ ದೊಡ್ಡವರಲ್ಲೇ ಅದರ ಕೆಫೀನ್ ಅರ್ಧಕ್ಕಿಳಿಯೋಕೆ ಸುಮಾರು ಐದು ಗಂಟೆ ಬೇಕು.

ನಿಲ್ಲಿಸೋದು ಸುಲಭ, ಮತ್ತೆ ಕೊಟ್ಟು ನೋಡೋದು ಕಷ್ಟ

ನಾವೂ ಹಾಲು ನಿಲ್ಲಿಸಿದೆವು. ಮೊದಲ ಎರಡು ರಾತ್ರಿ ಕುರುಕ್ಷೇತ್ರ. ಆಮೇಲೆ ಗೀಟು ಐದಕ್ಕಿಳಿಯಿತು, ಎರಡನೇ ವಾರ ನಾಲ್ಕಕ್ಕೆ. ‘ನಾನು ಹೇಳಲಿಲ್ವಾ!’ ಅಂದರು ಚಿಕ್ಕಮ್ಮ. ನಾನೂ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೇ ಹೇಳಿದ್ದು.

ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಅತ್ತೆ ಬಾಗಿಲ ಹೊಸ್ತಿಲ ಮೇಲೆ ಕೂತು ಮಗನಿಗೆ ಮೊಸರನ್ನ ತಿನ್ನಿಸುತ್ತಿದ್ದರು. ‘ಹಾಲಲ್ವಲ್ಲಮ್ಮ, ಮೊಸರು. ದಿನಾ ಕೊಡ್ತಿದ್ದೀನಿ. ಮೊಸರಿಲ್ಲದೆ ಮಗು ಅನ್ನ ಹೇಗೆ ತಿನ್ನತ್ತೆ?’

ಅತ್ತೆಯ ತಪ್ಪೇನೂ ಇಲ್ಲ. ಆದರೆ ಹಾಲಿನ ಪ್ರೋಟೀನ್ ಮೊಸರಿನಲ್ಲೂ ಇರುತ್ತದೆ. ಪೇಡದಲ್ಲಿ, ಪನೀರಿನಲ್ಲಿ, ಬಿಸ್ಕತ್ತಿನಲ್ಲಿ, ‘ಹೆಲ್ತ್ ಡ್ರಿಂಕ್’ ಪುಡಿಯಲ್ಲೂ ಇರುತ್ತದೆ. ಅಂದರೆ ಎರಡು ವಾರ ಅವನು ಹಾಲಿನ ಪ್ರೋಟೀನ್ ತಿನ್ನುತ್ತಲೇ ಇದ್ದ, ಆದರೂ ನಿದ್ದೆ ಸುಧಾರಿಸಿತ್ತು. ನಿಂತದ್ದು ಏನು ಹಾಗಾದರೆ? ರಾತ್ರಿಯ ಬಾಟಲಿ. ಕೂತು ಯೋಚಿಸಿದಾಗ ಹೊಳೆಯಿತು: ಹಾಲು ನಿಲ್ಲಿಸಿದಾಗ ಹಾಲೊಂದೇ ನಿಲ್ಲುವುದಿಲ್ಲ. ಬಾಟಲಿ ಬಾಯಲ್ಲಿಟ್ಟು ಮಲಗುವ ಅಭ್ಯಾಸವೂ, ಮಧ್ಯರಾತ್ರಿಯ ಹಸಿವೂ ಜೊತೆಗೇ ನಿಲ್ಲುತ್ತವೆ. ಯಾವುದರಿಂದ ನಿದ್ದೆ ಬಂತು ಅಂತ ಹೇಗೆ ಹೇಳೋದು?

ಅದಕ್ಕೇ ಡಾಕ್ಟರು ಹೇಳುವ ಪರೀಕ್ಷೆಗೆ ಎರಡು ಕಾಲು. ಮೊದಲು ಒಂದೆರಡು ವಾರ ಏನೂ ಬದಲಿಸದೆ ಬರೆದಿಡುವುದು. ಆಮೇಲೆ ಅನುಮಾನದ ಒಂದೇ ಒಂದು ಪದಾರ್ಥವನ್ನು ಎರಡರಿಂದ ನಾಲ್ಕು ವಾರ ಪೂರ್ತಿ ನಿಲ್ಲಿಸುವುದು. ಸುಧಾರಿಸಿದರೂ ಅಲ್ಲಿಗೆ ಮುಗಿಯಲಿಲ್ಲ, ಮತ್ತೆ ಕೊಟ್ಟು ನೋಡಬೇಕು. ಹಿಂದಿನ ತೊಂದರೆ ಮರಳಿದರೆ ಮಾತ್ರ ಆ ಪದಾರ್ಥ ಅಪರಾಧಿ. ಬಹಳ ಮನೆಗಳಲ್ಲಿ ಬಿಟ್ಟುಹೋಗುವುದು ಈ ಎರಡನೇ ಕಾಲೇ. ನಿದ್ದೆ ಮಾಡುತ್ತಿರುವ ಮಗುವನ್ನು ಯಾರು ತಾನೇ ಕೆಣಕುತ್ತಾರೆ! ಹೀಗೆ ವರ್ಷಗಟ್ಟಲೆ ಸುಮ್ನೆ ಹಾಲು ಮೊಸರು ಬಿಟ್ಟ ಮಕ್ಕಳಿದ್ದಾರೆ. ಗಂಧೆ, ಊತ, ಉಸಿರಾಟದ ತೊಂದರೆ ಒಮ್ಮೆಯಾದರೂ ಕಂಡಿದ್ದರೆ ಮಾತ್ರ ಈ ಪ್ರಯೋಗ ಮನೆಯಲ್ಲಿ ಬೇಡ. ಅದು ಆಸ್ಪತ್ರೆಯಲ್ಲೇ ಆಗಬೇಕು.

ಬದಲಿ ಹಾಲಿನ ವಿಷಯದಲ್ಲೂ ಜಾಗ್ರತೆ. ನಿಜವಾದ ಅಲರ್ಜಿ ಇದ್ದರೆ ಮೇಕೆ ಹಾಲು, ಎಮ್ಮೆ ಹಾಲು ಉಪಾಯವಲ್ಲ. ಅವುಗಳ ಪ್ರೋಟೀನು ಹಸುವಿನದಕ್ಕೆ ಎಷ್ಟು ಹತ್ತಿರ ಅಂದರೆ ಬಹುತೇಕ ಮಕ್ಕಳಿಗೆ ಅದೂ ಆಗುವುದಿಲ್ಲ. ನಾಟಿ ಹಸುವಿನದು ಅಂತ ಮಾರುವ ಎ2 ಹಾಲಿನದ್ದೂ ಅದೇ ಕಥೆ, ಬೆಲೆ ಮಾತ್ರ ಬೇರೆ. ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬಂದು ಒಳಲೆ ಲೆಕ್ಕದಲ್ಲಿ ಮಾರುವ ಹಾಲಿನ ದೊಡ್ಡ ಅಪಾಯ ಅದು ಹಸಿ ಅನ್ನುವುದು. ಇನ್ನು ನೂರಾರು ಪದಾರ್ಥಗಳ ಪಟ್ಟಿ ಕೊಟ್ಟು ‘ಇವು ನಿಮ್ಮ ಮಗುವಿಗೆ ಆಗಲ್ಲ’ ಅನ್ನುವ ಐಜಿಜಿ ರಕ್ತಪರೀಕ್ಷೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಐಜಿಜಿ ಅಂದರೆ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ; ಅದು ಇದ್ದರೆ ಆ ಪದಾರ್ಥ ಮೈಗೆ ಪರಿಚಯ ಅಂತಷ್ಟೇ ಅರ್ಥ. ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ.

ಹಾಲಿನ ಇನ್ನೊಂದು ದಾರಿ

ಮೊಸರನ್ನದ ಘಟನೆ ಆದ ಮೇಲೆ ಕ್ಯಾಲೆಂಡರಿನ ಹಾಳೆಗಳನ್ನೇ ಹರಿದುಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಗೀಟು ನೋಡಲಿಲ್ಲ. ‘ಮೊದಲು ದಿನಕ್ಕೆ ಎಷ್ಟು ಹಾಲು ಕುಡೀತಿದ್ದ?’ ಅಂತ ಕೇಳಿದರು. 150 ಮಿ.ಲೀ. ಬಾಟಲಿ, ಹಗಲು ರಾತ್ರಿ ಸೇರಿ ಆರು ಸಲ. 900 ಮಿ.ಲೀ. ‘ಅನ್ನ?’ ಎರಡು ತುತ್ತು. ಮಗನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ರಕ್ತಪರೀಕ್ಷೆ ಬರೆದರು.

ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರ ಕ್ಯಾಲ್ಸಿಯಂ ಬೇರೆ ಊಟದ ಕಬ್ಬಿಣವನ್ನೂ ಸರಿಯಾಗಿ ಹೀರಲು ಬಿಡುವುದಿಲ್ಲ. ಹೊಟ್ಟೆಯಲ್ಲಿ ಸೊಪ್ಪು, ಬೇಳೆ, ಮೊಟ್ಟೆಗೆ ಜಾಗವನ್ನೂ ಉಳಿಸುವುದಿಲ್ಲ. ಅದಕ್ಕೇ ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಸಾಕು ಅನ್ನುತ್ತಾರೆ. ಕಬ್ಬಿಣ ಕಡಿಮೆಯಾದರೆ ಮಕ್ಕಳ ನಿದ್ದೆ ಚಡಪಡಿಕೆಯದಾಗುತ್ತದೆ: ಕಾಲು ಒದೆಯುವುದು, ಹಾಸಿಗೆಯ ತುಂಬ ಹೊರಳುವುದು, ಮತ್ತೆ ಮತ್ತೆ ಏಳುವುದು. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 12ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುವುದು ಐದು ವರ್ಷದೊಳಗಿನವರಿಗೆ ಸಾಮಾನ್ಯ ಲೆಕ್ಕ. ಕಾಲು ಒದೆಯುವ ಮಕ್ಕಳಲ್ಲಾದರೆ ನಿದ್ದೆ ತಜ್ಞರು 50ಕ್ಕಿಂತ ಕಡಿಮೆ ಇದ್ದರೂ ಕಬ್ಬಿಣ ಕೊಡುವ ಬಗ್ಗೆ ಯೋಚಿಸುತ್ತಾರೆ.

ಇದು ನಮ್ಮೂರಿನ ಸಮಸ್ಯೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ 65.5% ಮಂದಿಗೆ ರಕ್ತಹೀನತೆ ಇತ್ತು. ಎಲ್ಲವೂ ಕಬ್ಬಿಣದ ಕೊರತೆಯಿಂದಲ್ಲ, ಆದರೆ ಅದು ದೊಡ್ಡ ಕಾರಣ. ಆಶಾ ಕಾರ್ಯಕರ್ತೆಯರು ವಾರಕ್ಕೆ ಎರಡು ಸಲ 1 ಮಿ.ಲೀ. ಅಂತ ಕೊಡುವ ಸಿರಪ್ ಇದಕ್ಕೇ. ನಮ್ಮ ಮನೆಯಲ್ಲೂ ಒಂದು ಬಾಟಲಿ ಇತ್ತು, ಮಸಾಲೆ ಡಬ್ಬದ ಹಿಂದೆ, ಸೀಲು ಒಡೆಯದೆ. ‘ಹಾಲು ಆಗಿಬರಲ್ಲ’ ಅನ್ನುವ ಅನುಮಾನ ಬಂದ ಮನೆಗಳಲ್ಲಿ ಹಾಲು ಜಾಸ್ತಿಯಾಗಿದೆಯಾ ಅಂತ ಯಾರೂ ಕೇಳುವುದಿಲ್ಲ ಅನ್ನುವುದೇ ನನಗೆ ವಿಚಿತ್ರ ಅನ್ನಿಸುವುದು.

ಮಗನ ಫೆರಿಟಿನ್ 9 ಬಂತು. ಡಾಕ್ಟರು ಕಬ್ಬಿಣದ ಡ್ರಾಪ್ಸ್ ಬರೆದರು, ಜೊತೆಗೆ ಹಾಲಿನದ್ದಲ್ಲದ ಹೊತ್ತಿಗೆ ನಿಂಬೆಹಣ್ಣು ಹಿಂಡಿದ ಸೊಪ್ಪಿನ ಬೇಳೆ. ಹಗಲು ಎರಡು ಲೋಟ ಹಾಲು, ಬಾಟಲಿ ಬಂದ್. ಅತ್ತೆಯ ಮೊಸರನ್ನಕ್ಕೆ ಅನುಮತಿ ಸಿಕ್ಕಿತು. ಎರಡು ತಿಂಗಳಾದ ಮೇಲೆ ಕ್ಯಾಲೆಂಡರಿನ ಚೌಕಗಳಲ್ಲಿ ಒಂದೋ ಎರಡೋ ಗೀಟು. ಡ್ರಾಪ್ಸಿನಿಂದಲಾ, ಬಾಟಲಿ ಹೋದದ್ದರಿಂದಲಾ, ಅಥವಾ ಅಷ್ಟರಲ್ಲಿ ಅವನೇ ಎರಡು ತಿಂಗಳು ದೊಡ್ಡವನಾಗಿದ್ದಕ್ಕಾ ಅಂತ ಹೇಳೋಕೆ ನನ್ನ ಹತ್ತಿರ ಪುರಾವೆ ಇಲ್ಲ. ಮತ್ತೆ ಬಾಟಲಿ ಕೊಟ್ಟು ನೋಡುವ ಧೈರ್ಯವಂತೂ ನನಗಿರಲಿಲ್ಲ.